ನಕ್ಕವನೊಬ್ಬನೇ ಸಾಕ್ಷಿಯೆ?

ಕಳೆದ ತಿಂಗಳು ನಮ್ಮೂರ ಸಾಹಿತ್ಯಗೋಷ್ಠಿಯೊಂದರಲ್ಲಿ ವಿಡಂಬನೆಯನ್ನು ಕುರಿತು ಉಪನ್ಯಾಸವಾಯಿತು. ಭಾಷಣಕಾರರು ವಿದ್ವಾಂಸರು, ಮಾತಿನ ಚಮತ್ಕಾರ ಬಲ್ಲವರು. ಗ್ರೀಕ್ ಲೇಖಕ ಲೂಸಿಯನ್ನನು ಸುಳ್ಳು ಪ್ರವಾದಿ ಅಲೆಕ್ಸಾಂಡರನನ್ನು ಕುರಿತು ಬರೆದ ಕಥೆಯನ್ನು ಅವರು ಹೇಳುತ್ತಿದ್ದಂತೆ ಸಭೆ ಬಿದ್ದು ಬಿದ್ದು ನಕ್ಕಿತು. "ಒಬ್ಬ ವಂಚಕ, ಊರು ತುಂಬ ಮೂಢರು, ಆ ದೇವರ ಚರಿತ್ರೆ ಇಷ್ಟೇ" ಎಂದು ಅವರು ಮುಗಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ. ಏಕೆಂಬುದನ್ನು ಹೇಳುವುದೇ ಈ ಲೇಖನದ ಉದ್ದೇಶ.

ಕಥೆ ಕ್ರಿಸ್ತಶಕ ಎರಡನೆಯ ಶತಮಾನದ್ದು. ಕಪ್ಪು ಸಮುದ್ರದ ದಕ್ಷಿಣ ದಡದಲ್ಲಿ, ಇಂದಿನ ಟರ್ಕಿಯಲ್ಲಿ, ಅಬೊನೊಟೈಖೋಸ್ ಎಂಬ ಸಣ್ಣ ಊರು. ಅಲ್ಲಿ ಗುಡಿಯೊಂದಕ್ಕೆ ಅಸ್ತಿಭಾರ ತೋಡುತ್ತಿದ್ದರು. ಅಲೆಕ್ಸಾಂಡರನು ಹೆಬ್ಬಾತಿನ ಮೊಟ್ಟೆಯೊಳಗೆ ಪುಟ್ಟ ಹಾವೊಂದನ್ನು ಅಡಗಿಸಿ ಅಲ್ಲಿ ಹೂತಿಟ್ಟು, ಮರುದಿನ ಜನರೆದುರಿಗೆ ಒಡೆದು, ದೇವರು ಹುಟ್ಟಿದನೆಂದು ಸಾರಿದನಂತೆ. ಕೆಲವೇ ದಿನಗಳಲ್ಲಿ ದೊಡ್ಡದೊಂದು ಸಾಧು ಸರ್ಪವನ್ನು ಮೈಗೆ ಸುತ್ತಿಕೊಂಡು ಕುಳಿತ. ಅದಕ್ಕೆ ನಾರುಬಟ್ಟೆಯಲ್ಲಿ ಮಾಡಿದ ಮನುಷ್ಯಮುಖ. ಕುದುರೆಗೂದಲಿನ ದಾರ ಎಳೆದರೆ ಬಾಯಿ ತೆರೆಯುತ್ತಿತ್ತು. ಹೆಸರು ಗ್ಲೈಕೋನ್, ವೈದ್ಯದೇವತೆ ಅಸ್ಕ್ಲೀಪಿಯಸನ ಹೊಸ ಅವತಾರ. ಒಂದು ಪ್ರಶ್ನೆಗೆ ಒಂದು ದ್ರಾಖ್ಮ, ಎರಡು ಓಬೊಲ್ ದಕ್ಷಿಣೆ.

ವಿಡಂಬನೆಯ ಪಾಠ ಬಂದಾಗಲೆಲ್ಲ ಈ ಕಥೆ ಹೇಳಿ ಹುಡುಗರನ್ನು ನಗಿಸಿದವನು ನಾನೂ ಹೌದು. ಒಂದು ದಿನ ರೋಮನ್ ಪ್ರಾಂತಗಳ ನಾಣ್ಯಗಳ ಚಿತ್ರಗಳನ್ನು ನೋಡಿದೆ. ಅಂದಿನಿಂದ ಆ ನಗೆ ಅಷ್ಟು ಸಲೀಸಾಗಿ ಬರುತ್ತಿಲ್ಲ.

ಚಿನ್ನದ ನಾಣ್ಯ ಚಕ್ರವರ್ತಿಯದು. ಸಂತೆಯಲ್ಲಿ ಓಡಾಡುವ ಕಂಚಿನ ಚಿಲ್ಲರೆಯನ್ನು ಮಾತ್ರ ಪೂರ್ವದ ನೂರಾರು ಊರುಗಳು ತಾವೇ ಅಚ್ಚು ಹಾಕಿಸುತ್ತಿದ್ದವು. ಮುಂಬದಿಯಲ್ಲಿ ಸಾಮಾನ್ಯವಾಗಿ ಚಕ್ರವರ್ತಿಯ ಮುಖ. ಹಿಂಬದಿಯಲ್ಲಿ ಆ ಊರು ತನ್ನದೆಂದು ತೋರಿಸಿಕೊಳ್ಳಲು ಬಯಸಿದ್ದು. ಎಫೆಸಸಿನವರು ತಮ್ಮ ಆರ್ಟೆಮಿಸಳನ್ನು ಗುಡಿಯ ಸಮೇತ ಒತ್ತಿದರು. ಎಮೆಸದವರು ತಾವು ಪೂಜಿಸುತ್ತಿದ್ದ ಕರಿಯ ಕಲ್ಲನ್ನು, ಪಾಫೋಸಿನವರು ಆಫ್ರೊಡೈಟಿಯ ಶಂಕುವಿನಾಕಾರದ ಶಿಲೆಯನ್ನು ಒತ್ತಿದರು. ಫ್ರಿಜಿಯದ ಅಪಾಮಿಯದವರಂತೂ ಯಹೂದ್ಯರ ಕಥೆಯ ನೋಹನನ್ನು ಪೆಟ್ಟಿಗೆಯಂಥ ನಾವೆಯಲ್ಲಿ ಕೂರಿಸಿ, ಮೇಲೆ ಗ್ರೀಕ್ ಅಕ್ಷರದಲ್ಲಿ ಅವನ ಹೆಸರನ್ನೂ ಬರೆಸಿದರು. ರೋಮ್ ಎಲ್ಲರ ಮೇಲೂ ಒಂದೇ ಧರ್ಮವನ್ನು ಹೇರಿತೆನ್ನುವವರು ಈ ಚಿಲ್ಲರೆಯನ್ನು ಒಮ್ಮೆ ಎಣಿಸಿ ನೋಡಬೇಕು.

ಅಬೊನೊಟೈಖೋಸಿನ ನಾಣ್ಯದ ಹಿಂಬದಿಯಲ್ಲಿ ಸುರುಳಿ ಸುತ್ತಿ ಹೆಡೆಯೆತ್ತಿದ ಸರ್ಪವಿದೆ. ಗ್ಲೈಕೋನ್ ಎಂಬ ಹೆಸರೂ ಇದೆ. ಊರಿನ ಹೆಸರನ್ನು ಅಯೊನೊಪೊಲಿಸ್ ಎಂದು ಬದಲಿಸಿ ಹೊಸ ನಾಣ್ಯ ಒತ್ತಿಸಬೇಕೆಂದು ಅಲೆಕ್ಸಾಂಡರನು ಚಕ್ರವರ್ತಿಯನ್ನು ಬೇಡಿದನೆಂದು ಲೂಸಿಯನ್ನನೇ ಬರೆದಿದ್ದಾನೆ. ಲೂಸಿಯಸ್ ವೀರಸನ ಕಾಲದ ನಾಣ್ಯದಲ್ಲಿ ಆ ಹೊಸ ಹೆಸರು ಇದ್ದೇ ಇದೆ. ಅಲ್ಲಿಯವರೆಗೆ ನಮ್ಮ ವಿಡಂಬನಕಾರ ಸತ್ಯವಂತನೇ.

ಆದರೆ ಅವನ ಕಥೆ ಅಲೆಕ್ಸಾಂಡರನ ಸಾವಿಗೆ, ಎಂದರೆ ಸುಮಾರು 170ರ ಹೊತ್ತಿಗೆ ಮುಗಿಯುತ್ತದೆ. ನಾಣ್ಯದ ಕಥೆ ಮುಗಿಯುವುದಿಲ್ಲ. 251ರಿಂದ 253ರವರೆಗೆ ಆಳಿದ ಟ್ರೆಬೊನಿಯಾನಸ್ ಗಾಲಸನ ಕಾಲದಲ್ಲೂ ಆ ಸರ್ಪ ಊರ ಕಂಚಿನ ಮೇಲಿದೆ. ಸಮುದ್ರದಾಚೆ, ಪ್ರಾಚೀನ ಟೋಮಿಸ್ ಆಗಿದ್ದ ರೊಮೇನಿಯದ ಕೊನ್‌ಸ್ಟಾಂಟ್ಸದಲ್ಲಿ, 1962ರಲ್ಲಿ ಅದೇ ದೇವರ ಅಮೃತಶಿಲೆಯ ವಿಗ್ರಹ ನೆಲದಿಂದೆದ್ದು ಬಂತು: ಹಾವಿನ ಸುರುಳಿ, ಮನುಷ್ಯನ ಕಿವಿ, ಉದ್ದ ಕೂದಲು. ಒಳನಾಡಿನ ಡೇಸಿಯ ಪ್ರಾಂತದ ಅಪುಲಮ್ ಪಟ್ಟಣದಲ್ಲಿ ಅವನಿಗೆ ಹರಕೆ ಒಪ್ಪಿಸಿದ ಶಾಸನಗಳಿವೆ. ದಾರ ಎಳೆಯುವ ಕೈ ಮಣ್ಣಾಗಿ ಎಂಬತ್ತು ವರ್ಷವಾದ ಮೇಲೂ ಈ ದೇವರನ್ನು ಬದುಕಿಸಿದವರು ಯಾರು? ಮೋಸವೊಂದೇ ಉತ್ತರವೆ?

"ನಾಣ್ಯ ಒತ್ತಿಸಿದವರು ಊರಿನ ಸಿರಿವಂತರು, ಯಾತ್ರಿಕರು ಬಂದರೆ ಲಾಭ ಅವರಿಗೇ" ಎಂದು ಮಿತ್ರರೊಬ್ಬರು ಆಕ್ಷೇಪಿಸಿದರು. ಒಪ್ಪಿದೆ. ನಾಣ್ಯದಿಂದ ದೇವರು ನಿಜವಾಗುವುದಿಲ್ಲ. ಅಲೆಕ್ಸಾಂಡರನು ಸಾಧುವೂ ಆಗುವುದಿಲ್ಲ. ಆದರೆ ಸಂತೆಯಲ್ಲಿ ನಗೆಪಾಟಲಾಗುವ ದೇವರನ್ನು ಯಾವ ಊರೂ ತಲೆಮಾರುಗಟ್ಟಲೆ ತನ್ನ ದುಡ್ಡಿನ ಮೇಲೆ ಒತ್ತಿಸಿಕೊಳ್ಳುವುದಿಲ್ಲ.

ಲೂಸಿಯನ್ನನಾದರೂ ತಟಸ್ಥನೆ? ಅಲೆಕ್ಸಾಂಡರನು ಮುತ್ತಿಡಲು ಕೈ ನೀಡಿದಾಗ ಕಚ್ಚಿದೆನೆಂದು ಅವನೇ ಹೇಳಿಕೊಳ್ಳುತ್ತಾನೆ. ತನ್ನನ್ನು ಸಮುದ್ರಕ್ಕೆ ನೂಕಲು ನಾವಿಕರಿಗೆ ಅಪ್ಪಣೆ ಕೊಟ್ಟಿದ್ದನೆಂದು ದೂರುತ್ತಾನೆ. ಇಂಥವನು ವ್ಯಾಜ್ಯದ ವಾದಿ, ನ್ಯಾಯಾಧೀಶನಲ್ಲ. ಆ ಕಾಲದಲ್ಲಿ ಮಹಾಮಾರಿ ಸಾಮ್ರಾಜ್ಯವನ್ನೇ ಹೊಕ್ಕಿತ್ತು. ಜನ ಗ್ಲೈಕೋನನ ಒಂದು ಸಾಲನ್ನು ಬಾಗಿಲ ಮೇಲೆ ಬರೆದುಕೊಂಡರು. ಬರೆದುಕೊಂಡ ಮನೆಗಳೇ ಹೆಚ್ಚಾಗಿ ಬರಿದಾದುವೆಂದು ಲೂಸಿಯನ್ನನು ನಗುತ್ತಾನೆ. ಮಗುವನ್ನು ಮಡಿಲಲ್ಲಿಟ್ಟುಕೊಂಡು ಆ ಸಾಲನ್ನು ಬರೆಸಿದ ತಾಯಿಯ ಕಡೆಗೆ ಅವನ ಕಣ್ಣು ಹೊರಳುವುದೇ ಇಲ್ಲ.

ನಮ್ಮ ತಪ್ಪಿಗೆ ಇನ್ನೊಂದು ಕಾರಣವೂ ಇದೆ. 1891ರಲ್ಲಿ ಯಶವಂತಪುರದಲ್ಲಿ, ಆಮೇಲೆ ಚಂದ್ರವಳ್ಳಿಯಲ್ಲಿ ಸಿಕ್ಕ ರೋಮನ್ ನಾಣ್ಯಗಳು ಚಕ್ರವರ್ತಿಗಳ ಬೆಳ್ಳಿ. ಬೆಳ್ಳಿ ಕಡಲು ದಾಟಿ ಬಂತು. ಊರಿನ ಕಂಚು ಊರ ಸಂತೆಯಲ್ಲೇ ಸವೆಯಿತು. ಹೀಗಾಗಿ ನಮಗೆ ರೋಮ್ ಎಂದರೆ ಅರಸರ ಮುಖಗಳು, ಇಲ್ಲವೆ ಜಾಣರ ಪುಸ್ತಕಗಳು. ಸಾಹಿತ್ಯದ ಅಧ್ಯಾಪಕರಾದ ನಮಗಂತೂ ಚೆನ್ನಾಗಿ ಬರೆದದ್ದೆಲ್ಲ ನಿಜವೆನಿಸುವ ಚಾಳಿ.

ಲೂಸಿಯನ್ನನನ್ನು ಓದಬೇಡಿರೆಂದು ನಾನು ಹೇಳುತ್ತಿಲ್ಲ. ಆ ಊರು ಇಂದಿಗೂ ಇನೆಬೊಲು ಎಂಬ ಹೆಸರಿನಲ್ಲಿ ಬಾಳುತ್ತಿದೆ. ಅಯೊನೊಪೊಲಿಸ್ ಎಂಬುದೇ ಸವೆದು ಹಾಗಾಯಿತು. ಬರುವ ವರ್ಷವೂ ತರಗತಿಯಲ್ಲಿ ಕಥೆ ಹೇಳುತ್ತೇನೆ, ಹುಡುಗರು ನಗಲಿ. ನಗೆ ನಿಂತ ಮೇಲೆ ಆ ನಾಣ್ಯದ ಚಿತ್ರವನ್ನು ಮೇಜಿನ ಮೇಲಿಟ್ಟು ಒಂದು ಪ್ರಶ್ನೆ ಕೇಳುತ್ತೇನೆ: ಒಂದು ದ್ರಾಖ್ಮ ಕೊಟ್ಟು ಸಾಲಿನಲ್ಲಿ ನಿಂತವನು ಏನು ಕೇಳಲು ಬಂದಿದ್ದ?