ನೋಡುತ್ತ ಕೂರುವುದು ಕೆಲಸವೆ?

ಷೇರುಪೇಟೆಯ ಕೆಲಸದ ಹೊತ್ತು ಲೆಕ್ಕಕ್ಕೆ ತೀರಾ ಕಡಿಮೆ. ಬೆಳಿಗ್ಗೆ 9:15ಕ್ಕೆ ಶುರುವಾದ ವಹಿವಾಟು ಮಧ್ಯಾಹ್ನ 3:30ಕ್ಕೆ ಮುಗಿಯುತ್ತದೆ. ಶನಿವಾರ, ಭಾನುವಾರ ರಜ; ಹಬ್ಬದ ರಜಗಳು ಬೇರೆ. ದಿನಕ್ಕೆ ಆರೂಕಾಲು ಗಂಟೆ ನಡೆದು, ಸಂಜೆಯ ಕಾಫಿಗೆ ಮೊದಲೇ ಬಾಗಿಲು ಹಾಕುವ ಕಸುಬು ನಮ್ಮಲ್ಲಿ ಹೆಚ್ಚಿಲ್ಲ. ಹಾಗಿದ್ದೂ ಟ್ರೇಡಿಂಗ್ ಹಿಡಿದ ಹುಡುಗರ ಮನೆಯಲ್ಲಿ ಕೇಳಿ ನೋಡಿ. ಊಟಕ್ಕೆ ಕೂತರೂ ಕಣ್ಣು ಮೊಬೈಲಿನಲ್ಲಿ, ಮದುವೆಮನೆಗೆ ಹೋದರೂ ಕಂಬದ ಮರೆಯಲ್ಲಿ, ರಾತ್ರಿ ಮಲಗುವ ಹೊತ್ತಿಗೆ ಅಮೆರಿಕದ ಪೇಟೆ ಹೇಗಿದೆಯೋ ಎಂಬ ಚಿಂತೆ. ಆರೂಕಾಲು ಗಂಟೆಯ ಕೆಲಸ ಇಡೀ ದಿನವನ್ನು ನುಂಗುವುದು ಹೇಗೆ?

ಇದಕ್ಕೆ ಸಿಗುವ ಉಪದೇಶ ಎಲ್ಲರಿಗೂ ಬಾಯಿಪಾಠ: ಬೆಳಿಗ್ಗೆ ನಡೆಯಿರಿ, ಯೋಗ ಮಾಡಿ, ವೇಳಾಪಟ್ಟಿ ಹಾಕಿಕೊಳ್ಳಿ, ಸಂಜೆಯಾದ ಮೇಲೆ ಫೋನ್ ಮುಟ್ಟಬೇಡಿ. ಕೆಟ್ಟದ್ದೇನಲ್ಲ. ಆದರೆ ಇದು ಸಂಬಳದವರಿಗಾಗಿ ಹುಟ್ಟಿದ ಉಪದೇಶ. ಕಚೇರಿಯಲ್ಲೋ ಕಾರ್ಖಾನೆಯಲ್ಲೋ ದುಡಿಯುವವರು ಗಂಟೆಗಳನ್ನು ಮಾರುತ್ತಾರೆ. ಅವರ ಕಷ್ಟ ಗಂಟೆಗಳದ್ದು, ಪರಿಹಾರವೂ ಗಂಟೆಗಳಲ್ಲೇ ಇದೆ. ಟ್ರೇಡರ್ ಮಾರುವುದು ಗಂಟೆಗಳನ್ನಲ್ಲ. ಅವನು ಹಣವನ್ನು ಅಪಾಯಕ್ಕೆ ಒಡ್ಡುತ್ತಾನೆ. ಅವನ ನಿದ್ದೆ ಕೆಡುವುದು ಎಷ್ಟು ಹೊತ್ತು ಕೂತ ಎಂಬುದರಿಂದಲ್ಲ, ತನ್ನ ತಾಕತ್ತಿಗೆ ಎಷ್ಟು ಮೀರಿ ಒಡ್ಡಿದ ಎಂಬುದರಿಂದ. ಆದ್ದರಿಂದ ಈ ಕಸುಬಿನಲ್ಲಿ ಸಮತೋಲನದ ಪ್ರಶ್ನೆಯನ್ನು ಗಡಿಯಾರದ ಮುಂದೆ ಇಡುವುದೇ ತಪ್ಪು ಎಂದು ನನ್ನ ವಾದ.

ದೂರದ ಮುಂಬಯಿಯ ಗೋಳು ಇದು ಎಂದುಕೊಳ್ಳುವ ಕಾಲ ಹೋಯಿತು. 1963ರಲ್ಲಿ ಶುರುವಾದ ಬೆಂಗಳೂರು ಸ್ಟಾಕ್ ಎಕ್ಸ್‌ಚೇಂಜಿನ ಕಾಲದಲ್ಲಿ ನಮ್ಮ ಹಾಸನದ ಕಡೆಯವರಿಗೆ ಷೇರು ಎಂದರೆ ಮರುದಿನದ ಪತ್ರಿಕೆಯ ವಾಣಿಜ್ಯ ಪುಟ. ಬೆಲೆ ತಿಳಿಯುವ ಹೊತ್ತಿಗೆ ಮಾಡುವುದಕ್ಕೇನೂ ಉಳಿದಿರುತ್ತಿರಲಿಲ್ಲ. ಆ ಎಕ್ಸ್‌ಚೇಂಜ್ 2014ರಲ್ಲಿ ಮುಚ್ಚಿತು. ಪೇಟೆ ಈಗ ಜೇಬಿನಲ್ಲಿದೆ. ಷೇರುಪೇಟೆಯ ನಿಯಂತ್ರಕ ಸೆಬಿ 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ವ್ಯವಹರಿಸುವ ವ್ಯಕ್ತಿಗಳಲ್ಲಿ ನೂರಕ್ಕೆ 72ಕ್ಕೂ ಹೆಚ್ಚು ಮಂದಿ ದೇಶದ ಮೊದಲ ಮೂವತ್ತು ನಗರಗಳ ಆಚೆಯವರು. ಎಂದರೆ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಂಥ ಊರುಗಳವರು. 2023-24ರಲ್ಲಿ ಹೀಗೆ ವ್ಯವಹರಿಸಿದ ಎಲ್ಲರಲ್ಲಿ ನೂರಕ್ಕೆ 43 ಮಂದಿ ಮೂವತ್ತು ವರ್ಷದೊಳಗಿನವರು. ಮುಕ್ಕಾಲು ಪಾಲು ಜನ ತಮ್ಮ ವಾರ್ಷಿಕ ಆದಾಯ ಐದು ಲಕ್ಷಕ್ಕಿಂತ ಕಡಿಮೆ ಎಂದು ಬರೆದುಕೊಟ್ಟವರು. ಆ ವರ್ಷವೂ ಸೇರಿ ಮೂರು ವರ್ಷದಲ್ಲಿ ನೂರಕ್ಕೆ 93 ಮಂದಿ ಕಳೆದುಕೊಂಡರು; ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು.

ಈ ಅಂಕಿಗಳನ್ನು ಸಾಮಾನ್ಯವಾಗಿ ಹಣದ ಎಚ್ಚರಿಕೆಯಾಗಿ ಓದುತ್ತೇವೆ. ಬದುಕಿನ ಕಡೆಯಿಂದಲೂ ಓದಬೇಕು. 2024ರ ನವೆಂಬರಿನಿಂದ ಸೂಚ್ಯಂಕದ ಒಂದು ಕಾಂಟ್ರಾಕ್ಟಿನ ಕನಿಷ್ಠ ಮೌಲ್ಯ 15 ಲಕ್ಷ ರೂಪಾಯಿ. ಅದಕ್ಕೆ ಮೊದಲು ಐದರಿಂದ ಹತ್ತು ಲಕ್ಷವಿತ್ತು. ವರ್ಷಕ್ಕೆ ನಾಲ್ಕು ಲಕ್ಷ ದುಡಿಯುವವನು ಅಂಥ ಒಂದು ಕಾಂಟ್ರಾಕ್ಟ್ ಹಿಡಿದರೆ ಅವನ ಬೆರಳ ತುದಿಯಲ್ಲಿ ಇರುವುದು ಹತ್ತಿರ ಹತ್ತಿರ ನಾಲ್ಕು ವರ್ಷದ ದುಡಿಮೆ. ಆಪ್ಷನ್ ಕೊಳ್ಳುವವನು ಅಷ್ಟೂ ಕಟ್ಟಬೇಕಿಲ್ಲ, ಪ್ರೀಮಿಯಂ ಕೊಟ್ಟರೆ ಸಾಕು, ನಿಜ. ಆದರೆ ಆ ಪ್ರೀಮಿಯಂ ವಾರದ ಕೊನೆಗೆ ಸೊನ್ನೆಯಾಗಬಹುದು. ಇಂಥವನಿಗೆ ‘ಸಂಜೆ ಫೋನ್ ಮುಟ್ಟಬೇಡ’ ಎಂದು ಹೇಳಿ ಏನು ಬಂತು? ಅವನು ಫೋನ್ ಮುಟ್ಟುವುದು ಚಟದಿಂದ ಎನ್ನುವವರಿದ್ದಾರೆ. ಚಟವೂ ಇರಬಹುದು. ಮೊದಲ ಕಾರಣ ಮಾತ್ರ ಭಯ. ಅಷ್ಟು ಹಣ ಬಯಲಲ್ಲಿಟ್ಟು ತಿರುಗಿ ನೋಡದಿರುವುದು ಯಾರಿಗೂ ಆಗದು.

ಆದರೆ ಪದೇಪದೇ ನೋಡುವುದರಿಂದ ಕೈ ಪಳಗುತ್ತದಲ್ಲ, ಅದೂ ಒಂದು ಸಾಧನೆಯೇ ಅಲ್ಲವೆ ಎಂದು ಕೇಳಬಹುದು. ಹೆಚ್ಚಿನವರು ಮನೆಯವರಿಗೆ ಕೊಡುವ ಸಮಾಧಾನವೂ ಇದೇ: ‘ಇನ್ನೊಂದೆರಡು ವರ್ಷ, ಕಲಿತುಬಿಡ್ತೀನಿ.’ ಈ ಮಾತನ್ನು ತೂಗಿ ನೋಡಲು ಅರಕಲಗೂಡು ತಾಲೂಕಿನ ರುದ್ರಪಟ್ಟಣಕ್ಕಿಂತ ಒಳ್ಳೆಯ ಜಾಗ ನನಗೆ ತೋಚುವುದಿಲ್ಲ. ಕಾವೇರಿ ದಡದ ಈ ಸಣ್ಣ ಊರು ಸಾಧನೆ ಎಂದರೇನೆಂದು ಬಲ್ಲ ಊರು. ಕರ್ನಾಟಕ ಸಂಗೀತದ ಗಾಯಕ ಆರ್.ಕೆ. ಶ್ರೀಕಂಠನ್ ಇಲ್ಲಿ 1920ರಲ್ಲಿ ಹುಟ್ಟಿದರು. ಅವರ ಅಣ್ಣ ಪಿಟೀಲು ವಿದ್ವಾನ್ ವೆಂಕಟರಾಮಾ ಶಾಸ್ತ್ರಿಗಳು, ರುದ್ರಪಟ್ಟಣಂ ಸಹೋದರರೆಂದೇ ಹೆಸರಾದ ತ್ಯಾಗರಾಜನ್ ಮತ್ತು ತಾರಾನಾಥನ್, ಊರಿನಲ್ಲಿ ತಂಬೂರಿಯ ಆಕಾರದ ಮಂದಿರ ಎಬ್ಬಿಸಿದ ಆರ್.ಕೆ. ಪದ್ಮನಾಭ, ಎಲ್ಲರೂ ಈ ನೆಲದವರೇ. ಶ್ರೀಕಂಠನ್ ಆಕಾಶವಾಣಿಯಲ್ಲಿ ನೌಕರಿ ಮಾಡುತ್ತಲೇ ವಿದ್ವಾಂಸರಾದರು, 1979ರಲ್ಲಿ ನಿವೃತ್ತರಾದರು, ತೊಂಬತ್ತು ದಾಟಿದ ಮೇಲೂ ಸಂಗೀತ ಕಚೇರಿ ಮಾಡಿದರು. ನೌಕರಿ, ಸಂಗೀತ, ಸಂಸಾರ ಮೂರೂ ಒಂದೇ ಬದುಕಿನಲ್ಲಿ ಹಿಡಿದವು.

ಹಿಡಿಯಲು ಕಾರಣ, ಸಂಗೀತದಲ್ಲಿ ಕೂತ ಹೊತ್ತು ಜಮೆಯಾಗುತ್ತದೆ. ಸ್ವರ ಜಾರಿದರೆ ಎದುರಿಗಿರುವ ಗುರುವಿಗೆ ಆ ಕ್ಷಣದಲ್ಲೇ ಗೊತ್ತಾಗುತ್ತದೆ, ಕ್ರಮೇಣ ಶಿಷ್ಯನ ಕಿವಿಗೂ ಗೊತ್ತಾಗುತ್ತದೆ. ತಪ್ಪು ಯಾವತ್ತೂ ತಪ್ಪೇ. ಪೇಟೆಯಲ್ಲಿ ಹಾಗಲ್ಲ. ಬೆಲೆ ಬೀಳುತ್ತಿರುವಾಗ ಹೆದರಿ, ನಷ್ಟ ಇಷ್ಟಕ್ಕೇ ನಿಲ್ಲಲೆಂದು ತಾನೇ ಹಾಕಿಟ್ಟ ಸ್ಟಾಪ್‌ಲಾಸ್ ತೆಗೆದುಬಿಟ್ಟವನಿಗೆ, ಬೆಲೆ ಮೇಲೆದ್ದು ಲಾಭ ಬಂದುಬಿಡಬಹುದು. ಅಂದು ಅವನು ಕಲಿತದ್ದು ಶಿಸ್ತು ಮುರಿದರೆ ಹಣ ಬರುತ್ತದೆ ಎಂಬ ಪಾಠ. ಶಿಸ್ತು ಪಾಲಿಸಿ ಮಾರಿ ಹೊರಬಂದವನಿಗೆ ಅದೇ ದಿನ ಪೆಟ್ಟು. ತಪ್ಪಿಗೆ ಬಹುಮಾನ, ಸರಿಗೆ ದಂಡ ಹಂಚುವ ಗುರುವಿನ ಬಳಿ ಇಪ್ಪತ್ತು ವರ್ಷ ಕೂತರೂ ಶ್ರುತಿ ಸೇರುವುದು ಕಷ್ಟ. ಸೇರುವವರು ಇಲ್ಲವೇ ಇಲ್ಲ ಎನ್ನುವುದಿಲ್ಲ. ಅವರು ಕಲಿಯುವುದು ವಹಿವಾಟು ಮುಗಿದ ಮೇಲೆ, ತಮ್ಮ ನೂರಾರು ನಿರ್ಧಾರಗಳನ್ನು ಬರೆದಿಟ್ಟು ಓದಿದಾಗ. ಕೆಂಪು, ಹಸಿರು ಗೆರೆಗಳನ್ನು ದಿಟ್ಟಿಸಿದಾಗಲ್ಲ.

ಹೆಚ್ಚು ಓಡಾಡಿದವನು ಹೆಚ್ಚು ಗಳಿಸುತ್ತಾನೆ ಎಂಬುದಕ್ಕೂ ಆಧಾರವಿಲ್ಲ. ಅಮೆರಿಕದಲ್ಲಿ ಬಾರ್ಬರ್ ಮತ್ತು ಒಡೀನ್ ಎಂಬಿಬ್ಬರು ಅರ್ಥಶಾಸ್ತ್ರಜ್ಞರು 1991ರಿಂದ 1996ರವರೆಗಿನ 66,465 ಕುಟುಂಬಗಳ ಖಾತೆಗಳನ್ನು ಜಾಲಾಡಿ 2000ರಲ್ಲಿ ಫಲಿತಾಂಶ ಪ್ರಕಟಿಸಿದರು. ಆ ಅವಧಿಯಲ್ಲಿ ಪೇಟೆ ಒಟ್ಟಾರೆ ವರ್ಷಕ್ಕೆ ಶೇ 17.9 ಕೊಟ್ಟಿತ್ತು. ಅತಿ ಹೆಚ್ಚು ಕೊಂಡು ಮಾರಿದವರಿಗೆ ದಕ್ಕಿದ್ದು ಶೇ 11.4. ಅವರು ದುಡಿಯಲಿಲ್ಲ ಎನ್ನುವಂತಿಲ್ಲ, ಬೇಕಾದಷ್ಟು ದುಡಿದರು. ದುಡಿಮೆಯೇ ನಷ್ಟವಾಯಿತು. ಇಂಥ ಕಸುಬಿನಲ್ಲಿ ‘ಕೆಲಸ ಕಡಿಮೆ ಮಾಡು, ಬದುಕಿಗೆ ಜಾಗ ಬಿಡು’ ಎಂದರೆ ತ್ಯಾಗವೇನೂ ಅಲ್ಲ. ಬದುಕಿಗೆ ಬಿಟ್ಟ ಹೊತ್ತು ಖಾತೆಗೂ ಲಾಭವೇ.

ನಮ್ಮ ಸೀಮೆಯ ಹಳೆಯ ವ್ಯಾಪಾರಗಳಲ್ಲಿ ಬೆಲೆಯ ಏರಿಳಿತ ಕಡಿಮೆ ಇತ್ತು ಎಂದು ಯಾರೂ ಭಾವಿಸಬಾರದು. ರುದ್ರಪಟ್ಟಣದ ನೆರೆಯ ರಾಮನಾಥಪುರದಲ್ಲಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ ಇದೆ. ಬ್ಯಾರನ್ನಿನಲ್ಲಿ ಸೊಪ್ಪು ಹದಗೊಳಿಸುವ ದಿನಗಳಲ್ಲಿ ಬೆಳೆಗಾರನಿಗೂ ರಾತ್ರಿ ನಿದ್ದೆಯಿಲ್ಲ. ಉರಿ ಹೆಚ್ಚಾದರೆ ಬಣ್ಣ ಕೆಡುತ್ತದೆ, ಕಡಿಮೆಯಾದರೆ ಸೊಪ್ಪು ಕೆಡುತ್ತದೆ. ಆದರೆ ಆ ಜಾಗರಣೆ ಕೆಲಸ: ಅವನು ಎದ್ದು ಸೌದೆ ಸರಿಸಿದರೆ ಶಾಖ ಬದಲಾಗುತ್ತದೆ. ಮುಂದೆ ಬೇಲು ಕಟ್ಟಿ ಸರದಿ ಬಂದ ದಿನ ಹರಾಜಿಗೆ ಒಯ್ಯುತ್ತಾನೆ, ಆ ದಿನದ ಬೆಲೆ ಆ ದಿನ ಗೊತ್ತಾಗುತ್ತದೆ. ಅದಕ್ಕೆ ಮುಂಚೆ ನಿಮಿಷಕ್ಕೊಮ್ಮೆ ನೋಡಲು ಅಲ್ಲಿ ಬೆಲೆ ಎಂಬುದೇ ಇರುವುದಿಲ್ಲ.

ಚನ್ನರಾಯಪಟ್ಟಣದ ಕಡೆ ತೆಂಗಿನ ಕಾಯನ್ನು ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಹತ್ತಿರ ಒಣಗಿಸಿ, ಉಂಡೆ ಕೊಬ್ಬರಿ ಮಾಡಿ ತಿಪಟೂರಿನ ಹರಾಜಿಗೆ ಒಯ್ಯುವವರೂ ಹೂಡಿಕೆದಾರರೇ. 2023ರಲ್ಲಿ ಕ್ವಿಂಟಲಿಗೆ 11,750 ರೂಪಾಯಿ ಬೆಂಬಲ ಬೆಲೆ ಇದ್ದಾಗ ಮಾರುಕಟ್ಟೆಯ ಧಾರಣೆ ಅದಕ್ಕಿಂತ ಬಹಳ ಕೆಳಗೆ ಕುಸಿದು ರೈತರು ಬೀದಿಗಿಳಿದರು. 2025ರಲ್ಲಿ ಅದೇ ಕೊಬ್ಬರಿ ಆಗಿನ ಧಾರಣೆಯ ದುಪ್ಪಟ್ಟನ್ನೂ ಮೀರಿತು. ಇಷ್ಟು ದೊಡ್ಡ ಏರಿಳಿತವನ್ನು ಎಷ್ಟೋ ಷೇರುಗಳೂ ಕಾಣವು. ಅದು ಆ ರೈತನ ಸಂಸಾರವನ್ನು ಕಷ್ಟಕ್ಕೆ ತಳ್ಳಿತು ನಿಜ, ಆದರೆ ಅವನ ಪ್ರತಿ ಗಂಟೆಯನ್ನು ಕಸಿಯಲಿಲ್ಲ. ವಾರಕ್ಕೆ ಎರಡು ಸಲ ಹರಾಜಿನ ಧಾರಣೆ ತಿಳಿಯುತ್ತಿತ್ತು, ಉಳಿದ ದಿನ ತೋಟದ ಕೆಲಸ. ಹಳೆಯದನ್ನು ಹೊಗಳಲು ಇದನ್ನು ಹೇಳುತ್ತಿಲ್ಲ. ದಲ್ಲಾಳಿಗಳ ಕಾಟ ಉಂಡವರಿಗೆ ಹಳೆಯದರ ರುಚಿ ಗೊತ್ತು. ಅಪಾಯ ಒಂದು, ಅಪಾಯವನ್ನು ಸದಾ ದಿಟ್ಟಿಸುವುದು ಇನ್ನೊಂದು. ಎರಡೂ ಒಟ್ಟಿಗೇ ಬರಬೇಕೆಂಬ ನಿಯಮವಿಲ್ಲ.

ಈಗಿನ ಪೇಟೆಯಂತೂ ದಿಟ್ಟಿಸುವುದರಿಂದ ಬಿಡುವೇ ಕೊಡದಂತೆ ಹಿಗ್ಗುತ್ತಿದೆ. ಗುಜರಾತಿನ ಗಿಫ್ಟ್ ಸಿಟಿಯಲ್ಲಿ ನಿಫ್ಟಿ ವಹಿವಾಟು ಬೆಳಿಗ್ಗೆ 6:30ಕ್ಕೆ ಶುರುವಾಗಿ ನಡುರಾತ್ರಿ ದಾಟಿದ ಮೇಲೂ ನಡೆಯುತ್ತದೆ. ಚಿನ್ನ, ಕಚ್ಚಾ ತೈಲದ ಪೇಟೆಯಾದ ಎಂಸಿಎಕ್ಸ್ ರಾತ್ರಿ ಹನ್ನೊಂದೂವರೆಯವರೆಗಾದರೂ ತೆರೆದಿರುತ್ತದೆ. ಕ್ರಿಪ್ಟೋಗೆ ಬಾಗಿಲೇ ಇಲ್ಲ. ದೀಪಾವಳಿಯ ರಜದಲ್ಲೂ ಮುಹೂರ್ತದ ವಹಿವಾಟಿನ ಒಂದು ಗಂಟೆ ಬಿಟ್ಟಿಲ್ಲ! ಸಂಜೆಯೂ ಸೂಚ್ಯಂಕಗಳ ವಹಿವಾಟು ನಡೆಸಬೇಕೆಂಬ ರಾಷ್ಟ್ರೀಯ ಷೇರುಪೇಟೆಯ (ಎನ್‌ಎಸ್‌ಇ) ಪ್ರಸ್ತಾವವನ್ನು ಬ್ರೋಕರುಗಳಲ್ಲಿ ಒಮ್ಮತವಿಲ್ಲವೆಂದು ಸೆಬಿ 2024ರಲ್ಲಿ ಹಿಂದಿರುಗಿಸಿದ್ದು ಎಷ್ಟೋ ಮನೆಗಳ ರಾತ್ರಿಯೂಟವನ್ನು ಉಳಿಸಿತು. ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿ ಊರಿನ ಪೇಟೆಯಲ್ಲಿ ಟ್ರೇಡ್ ಮಾಡುವ ಕನ್ನಡಿಗನ ಪಾಡು ಇನ್ನೂ ವಿಚಿತ್ರ: ಬೇಸಿಗೆಯಲ್ಲಿ ನಮ್ಮ 9:15 ಅವನಿಗೆ ರಾತ್ರಿ 8:45; ಪೇಟೆ ಮುಚ್ಚುವಾಗ ಅಲ್ಲಿ ಬೆಳಗಿನ ಜಾವ ಮೂರು.

ವೃತ್ತಿಪರ ಟ್ರೇಡರ್ ನೋಡದೆ ಇರಲಾಗುತ್ತದೆಯೆ ಎಂಬ ಪ್ರಶ್ನೆ ನ್ಯಾಯವಾದದ್ದು. ಆಗುವುದಿಲ್ಲ. ಆದರೆ ಅವರೂ ಬೇಲಿ ಹಾಕಿಕೊಳ್ಳುತ್ತಿದ್ದಾರೆ. ಬೆಂಗಳೂರಿನ ಬ್ರೋಕರ್ ಸಂಸ್ಥೆ ಜೆರೋಧಾವನ್ನು 2010ರಲ್ಲಿ ಕಟ್ಟಿದ ನಿತಿನ್ ಕಾಮತ್ ಹದಿನೇಳರ ವಯಸ್ಸಿಗೇ ಟ್ರೇಡಿಂಗಿಗೆ ಇಳಿದವರು. ರಾತ್ರಿ ಕಾಲ್ ಸೆಂಟರಿನಲ್ಲಿ ದುಡಿದು ಹಗಲು ಪೇಟೆ ನೋಡಿದವರು. 2021ರಲ್ಲಿ ಅವರ ಸಂಸ್ಥೆ ಸಂಜೆ ಆರರ ಮೇಲೆ, ರಜದಲ್ಲಿ ಕೆಲಸದ ಚಾಟ್ ಬೇಡವೆಂದಿತು. 2024ರ ಫೆಬ್ರುವರಿಯಲ್ಲಿ, 44ರ ವಯಸ್ಸಿನಲ್ಲಿ, ಆರೋಗ್ಯವನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದ ಕಾಮತ್ ತಮಗೆ ಆರು ವಾರದ ಹಿಂದೆ ಸಣ್ಣ ಪ್ರಮಾಣದ ಪಾರ್ಶ್ವವಾಯು ಆಗಿತ್ತೆಂದು ತಾವೇ ತಿಳಿಸಿದರು. ತಂದೆಯ ಸಾವು, ನಿದ್ದೆಗೇಡು, ದಣಿವು, ನಿರ್ಜಲೀಕರಣ, ಅತಿಯಾದ ವ್ಯಾಯಾಮ, ಇವುಗಳಲ್ಲಿ ಯಾವುದಾದರೂ ಕಾರಣವಿರಬಹುದು ಎಂದರು. ಅದಕ್ಕೂ ಟ್ರೇಡಿಂಗಿಗೂ ಗಂಟು ಹಾಕುವುದು ಅನ್ಯಾಯ. ಗಮನಿಸಬೇಕಾದ್ದು ಬೇರೆ: ಆರೋಗ್ಯದ ಬಗ್ಗೆ ಎಚ್ಚರ ಇರುವವರಿಗೂ ದಣಿವನ್ನು ನಿಯಮದಿಂದ ಗೆಲ್ಲಲಾಗಲಿಲ್ಲ. ಅವರ ಸಂಸ್ಥೆಯ ಆ್ಯಪಿನಲ್ಲಿ ಕಿಲ್ ಸ್ವಿಚ್ ಎಂಬ ಗುಂಡಿ ಇದೆ, ಒತ್ತಿದರೆ ಹನ್ನೆರಡು ಗಂಟೆ ವಹಿವಾಟು ಬಂದ್. ಬಳಸುವವರು ಬಳಸಲಿ. ಒಡ್ಡಿದ ಹಣ ದೊಡ್ಡದಾಗಿರುವವರೆಗೆ ಹದಿಮೂರನೆಯ ಗಂಟೆ ಕಾದೇ ಇರುತ್ತದೆ.

ಹೂಡಿಕೆದಾರನ ವಿಷಯಕ್ಕೆ ಹೆಚ್ಚು ಮಾತು ಬೇಕಿಲ್ಲ. ಹತ್ತು ವರ್ಷಕ್ಕೆಂದು ಇಂಡೆಕ್ಸ್ ಫಂಡಿನಲ್ಲಿ ಎಸ್‌ಐಪಿ ಕಟ್ಟುವವರಿಗೆ ವರ್ಷಕ್ಕೆ ಒಂದೆರಡು ದಿನದ ಕೆಲಸ ಸಾಕು. ಅದಕ್ಕಿಂತ ಹೆಚ್ಚು ನೋಡುವವರು ಹೂಡಿಕೆದಾರರ ಅಂಗಿ ತೊಟ್ಟ ಟ್ರೇಡರುಗಳು.

ಹಾಗಾದರೆ ಎಷ್ಟು ಹಣ ಹೆಚ್ಚು, ಎಷ್ಟು ಸರಿ? ಶೇಕಡಾವಾರು ಸೂತ್ರಗಳು ಬೇಕಾದಷ್ಟಿವೆ. ನನಗೆ ಅವುಗಳಲ್ಲಿ ನಂಬಿಕೆಯಿಲ್ಲ, ಏಕೆಂದರೆ ಸೂತ್ರ ಹಾಕುವವನೂ ಮುರಿಯುವವನೂ ಒಬ್ಬನೇ. ಮನೆಯನ್ನೇ ಅಳತೆಗೋಲು ಮಾಡಿಕೊಳ್ಳುವುದು ಮೇಲು. ಟ್ರೇಡರುಗಳ ಮನೆಯಲ್ಲಿ ಬದುಕು ಹದಗೆಡುವುದು ಹೊತ್ತಿನಿಂದಲ್ಲ, ಮುಚ್ಚುಮರೆಯಿಂದ. ಹೆಂಡತಿಗೆ ಗೊತ್ತಿಲ್ಲದ ಪರ್ಸನಲ್ ಲೋನ್, ಅಪ್ಪನಿಗೆ ಗೊತ್ತಿಲ್ಲದ ಕೈಸಾಲ, ಅಡವಿಟ್ಟ ಒಡವೆ. ಇವು ಬಂದ ದಿನದಿಂದ ಮನುಷ್ಯ ಮನೆಯಲ್ಲಿ ಕೂತೂ ತಲೆತಪ್ಪಿಸಿಕೊಂಡಿರುತ್ತಾನೆ. ಪರದೆಯ ಬೆಲೆಯನ್ನು ಮಾತ್ರವಲ್ಲ, ಮನೆಯವರ ಮುಖವನ್ನೂ ಕಾಯಬೇಕಾಗುತ್ತದೆ.

ಆದ್ದರಿಂದ ಟ್ರೇಡ್ ಮಾಡುವ ಗೆಳೆಯರಲ್ಲಿ ಒಂದು ಕೋರಿಕೆ. ವೇಳಾಪಟ್ಟಿ ಆಮೇಲೆ ಬರೆಯಿರಿ. ಇವತ್ತು ಒಡ್ಡಿರುವ ಹಣ ಎಷ್ಟು, ಅದರಲ್ಲಿ ಸಾಲ ಎಷ್ಟು ಎಂದು ಮನೆಯಲ್ಲಿ ಒಬ್ಬರಿಗೆ ಹೇಳಿ. ಹೇಳಲು ನಾಲಿಗೆ ಏಳದಿದ್ದರೆ ಮೊತ್ತ ಹೆಚ್ಚಾಗಿದೆ ಎಂದೇ ಅರ್ಥ, ಹೇಳಬಹುದಾದಷ್ಟಾಗುವವರೆಗೆ ಇಳಿಸಿ. ಈಗಾಗಲೇ ಕೈ ಮೀರಿ, ಯಾರ ಮುಂದೂ ಬಾಯಿ ಬಿಡಲಾಗದವರಿಗೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ ಇದೆ. ಸಂಖ್ಯೆ 14416, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.