ಹಾಡು ಕೇಳುವ ನ್ಯಾಯ

ಪ್ರೇಮದ ಹಾಡೆಂದರೆ ಹೊತ್ತು ಹೋಗದವರ ಹಾಡೆಂದು ತಿಳಿದವರು ನಮ್ಮಲ್ಲಿ ಉಂಟು. ದುಡಿಯುವ ಜನದ ಹಾಡಿಗೆ ಕಿವಿಗೊಟ್ಟವರು ಹಾಗೆನ್ನಲಾರರು. ಬೀಸುವ ಕಲ್ಲಿನ ಮುಂದೆ ನಮ್ಮ ತಾಯಂದಿರು ಹಾಡಿದ ಪ್ರೇಮದ ಬೆನ್ನಿಗೆ ಭಯವೂ ಉಂಟು.

'ಕೆರೆಗೆ ಹಾರ'ವನ್ನೇ ನೋಡಿರಿ. ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸಿದ, ನೀರು ಬೀಳಲಿಲ್ಲ. ಹೊತ್ತಿಗೆ ತೆಗೆದವರು ಸೊಸೆಯ ಬಲಿ ಬೇಕೆಂದರು. ಹಿರಿಸೊಸೆ ಹೋದರೆ ಮನೆತನ ನಡೆಯದು. ಆದ್ದರಿಂದ ಕಿರಿಸೊಸೆ ಭಾಗೀರಥಿಯೇ ಆಹಾರವಾದಳು. ದಂಡಿನಲ್ಲಿದ್ದ ಗಂಡ ಮಾದೇವರಾಯ ಬಂದು ಅದೇ ಕೆರೆಗೆ ಹಾರಿದ. ಇದನ್ನು ತ್ಯಾಗದ ಕಥೆ ಎನ್ನುವುದು ವಾಡಿಕೆ. ನಾವು ಒಪ್ಪಲಾರೆವು. ಹಾಡು ಗೌಡನ ಹೆಸರನ್ನು ಮುಚ್ಚಿಡಲಿಲ್ಲ. ಬಲಿ ಕೇಳಿದವರು ಯಾರು, ಮನೆಯೊಳಗೆ ಆರಿಸಿಕೊಟ್ಟವರು ಯಾರು, ಎಲ್ಲವನ್ನೂ ಹೇಳಿದೆ. ಅದು ಬರೀ ಶೋಕವಲ್ಲ, ಫಿರ್ಯಾದಿ.

ಹಳೆಯ ಕಥೆಯೆಂದು ತಳ್ಳಿಹಾಕುವಂತಿಲ್ಲ. ದಢೇಸುಗೂರಿನ ಹೊಳೆದಂಡೆಯವರಿಗೆ ಸಿಂಧನೂರು ತಾಲೂಕಿನ ಊರು. ಅಲ್ಲಿಯ ಸುಕಾಲಪೇಟೆಯಲ್ಲಿ 2020ರ ಜುಲೈಯಲ್ಲಿ, ಪ್ರೀತಿಸಿ ಮದುವೆಯಾದ ಕಾರಣಕ್ಕೆ ವರನ ಮನೆಯ ಹಲವರನ್ನು ವಧುವಿನ ಕಡೆಯವರು ಕೊಂದರು. 2025ರ ಏಪ್ರಿಲಿನಲ್ಲಿ ಸಿಂಧನೂರಿನ ನ್ಯಾಯಾಲಯ ಮೂವರಿಗೆ ಮರಣದಂಡನೆ, ಒಂಬತ್ತು ಮಂದಿಗೆ ಜೀವಾವಧಿ ವಿಧಿಸಿತು. ಮದುವೆಯಾದ ಇಬ್ಬರು ಬದುಕುಳಿದರು.

ಶಿಕ್ಷೆಯಾದ ಮಾತ್ರಕ್ಕೆ ನಮ್ಮ ಕೆಲಸ ಮುಗಿಯಿತೆ? ಇಲ್ಲ. ಮನೆತನದ ಮಾನ ಹೆಣ್ಣಿನ ಮೈಯಲ್ಲಿದೆ ಎಂಬ ನಂಬಿಕೆ ಜೈಲಿಗೆ ಹೋಗುವುದಿಲ್ಲ. ಅದು ನಮ್ಮ ಗಿರಣಿಯ ಗೇಟಿನಲ್ಲಿ, ಅಂಗಡಿಯ ಕಟ್ಟೆಯ ಮೇಲೆ ಕುಳಿತಿದೆ.

ಕಾನೂನು ಇಲ್ಲವೆಂದಲ್ಲ. 1954ರ ವಿಶೇಷ ವಿವಾಹ ಕಾಯ್ದೆ ಜಾತಿ, ಮತ ನೋಡದು. ಆದರೆ ಅದು ಕೇಳುವ 30 ದಿನದ ನೋಟೀಸು ಕಚೇರಿಯ ಗೋಡೆಗೆ ಹತ್ತಿದರೆ, ಬೆನ್ನಟ್ಟುವವರಿಗೇ ಸುಳಿವು ಸಿಕ್ಕಂತಾಯಿತು. ಇಂಥ ಜೋಡಿಗಳಿಗೆ ಜಿಲ್ಲೆ ಜಿಲ್ಲೆಯಲ್ಲೂ ವಿಶೇಷ ಘಟಕ ಮತ್ತು ಇಪ್ಪತ್ತನಾಲ್ಕು ತಾಸಿನ ಸಹಾಯವಾಣಿ ಇರಬೇಕು, ರಕ್ಷಣೆಯ ಮನೆಗಳನ್ನು ಸರ್ಕಾರ ಯೋಚಿಸಬೇಕು ಎಂದು ಸುಪ್ರೀಂ ಕೋರ್ಟು 2018ರ ಮಾರ್ಚ್ 27ರಂದು ಶಕ್ತಿವಾಹಿನಿ ಮೊಕದ್ದಮೆಯಲ್ಲಿ ಹೇಳಿತು. ಆ ಘಟಕದ ಬಾಗಿಲು ಎಲ್ಲಿದೆ, ಅದರ ಫೋನು ಯಾರು ಎತ್ತುತ್ತಾರೆ ಎಂದು ಪ್ರತಿ ತಾಲೂಕಿನ ಜನ ಅಧಿಕಾರಿಗಳನ್ನು ಕೇಳಬೇಕು.

ಉಳಿದದ್ದು ನಮ್ಮ ಕೈಯಲ್ಲಿದೆ. ಆ ಕಾಯ್ದೆಯ ಮದುವೆಗೆ ಮೂವರು ಸಾಕ್ಷಿಗಳು ಬೇಕು. ಗಿರಣಿಯ ಗೆಳೆಯ ಒಬ್ಬ ಸಾಕ್ಷಿಯಾಗಲಿ. ಕಿರಾಣಿಯವರು ಆ ಮನೆಗೆ ಒಂದು ತಿಂಗಳು ಉದ್ರಿ ಕೊಡಲಿ. ಖಾಲಿ ಕೋಣೆಯಿದ್ದವರು ಜಾತಿ ಕೇಳದೆ ಬಾಡಿಗೆಗೆ ಕೊಡಲಿ. ಪ್ರೇಮ ಬದುಕುವುದು ಹಾಡಿನ ಬಲದಿಂದಲ್ಲ, ಇಂಥ ನೆರೆಹೊರೆಯ ಬಲದಿಂದ.

ಭಾಗೀರಥಿಗೆ ಊರು ದೀಪ ಹಚ್ಚಬಹುದು; ಆದರೆ ಅಂದು ಅವಳ ಪರವಾಗಿ ಒಬ್ಬರೂ ಬೇಡವೆನ್ನಲಿಲ್ಲ. ಬಾಂಧವರೇ, ಆ ಮಾತನ್ನು ಇಂದು ನಾವು ಆಡೋಣ, ಹೆಣ ಬೀಳುವ ಮೊದಲೇ ಆಡೋಣ.