ಅರೆಯ ನ್ಯಾಯ

ಕನ್ನಡದಲ್ಲಿ ‘ಅರೆ’ ಎಂಬ ಮಾತು ಎಲ್ಲಿ ಸೇರಿದರೂ ಒಂದು ಕೊರತೆಯ ಸುಳಿವನ್ನು ಕೊಡುತ್ತದೆ: ಅರೆಹೊಟ್ಟೆ, ಅರೆಮನಸ್ಸು, ಅರೆನಿದ್ದೆ. ಗಣಿತದಲ್ಲಿಯೂ ಅರೆಯ ಪಾಡು ಇಂತಹುದೇ. 2.4 ಎಂಬುದನ್ನು ಸಮೀಪದ ಪೂರ್ಣಾಂಕಕ್ಕೆ ತರುವಾಗ 2 ಎನ್ನುತ್ತೇವೆ, 2.6 ಅನ್ನು 3 ಎನ್ನುತ್ತೇವೆ. ಇವುಗಳ ವಿಷಯದಲ್ಲಿ ತಕರಾರಿಲ್ಲ. ಆದರೆ 2.5 ಎರಡಕ್ಕೂ ಮೂರಕ್ಕೂ ಸಮದೂರದಲ್ಲಿ ನಿಂತಿದೆ. ಅದನ್ನು ಯಾವ ಕಡೆಗೆ ಸೇರಿಸಬೇಕು?

‘ಐದು ಬಂದರೆ ಮೇಲಕ್ಕೆ’ ಎಂದು ಶಾಲೆಯ ಮೇಷ್ಟ್ರು ಕಲಿಸಿದ್ದು ನಮಗೆಲ್ಲ ಬಾಯಿಪಾಠವಾಗಿದೆ. ಒಂದೇ ಒಂದು ಲೆಕ್ಕಕ್ಕೆ ಅದರಿಂದ ಹೆಚ್ಚಿನ ಬಾಧಕವಿಲ್ಲ. ಲೆಕ್ಕಗಳು ಸಾಲುಗಟ್ಟಿದಾಗ ಮಾತ್ರ ಅದರ ಪಕ್ಷಪಾತ ಬಯಲಾಗುತ್ತದೆ. 2.5, 3.5, 4.5, 5.5 ಇವುಗಳ ನಿಜವಾದ ಮೊತ್ತ 16. ಎಲ್ಲವನ್ನೂ ಮೇಲಕ್ಕೇರಿಸಿ ಕೂಡಿದರೆ ಬರುವುದು 18. ಹೆಚ್ಚಿನ ಎರಡು ಎಲ್ಲಿಂದ ಬಂತು? ಒಂದೊಂದು ಸಂಖ್ಯೆಯಲ್ಲಿಯೂ ಅರೆಯರೆಯಾಗಿ ಸೇರಿಕೊಂಡು ಬಂತು. ಸಾವಿರಾರು ಬಾಬುಗಳ ಖಾತೆಯಲ್ಲಿ ಹೀಗೆಯೇ ನಡೆದರೆ, ಅರೆ ಬಂದಾಗಲೆಲ್ಲ ಕೊಡುವವನೇ ಹೆಚ್ಚು ತೆರಬೇಕಾಗುತ್ತದೆ.

ಇದಕ್ಕೊಂದು ಸೊಗಸಾದ ಉಪಾಯವುಂಟು. ಸರಿಯಾಗಿ ಅರೆ ಬಂದಾಗ ಪಕ್ಕದ ಸಮಸಂಖ್ಯೆಗೆ ಸೇರಿಸುವುದು. ಆಗ ಮೇಲಿನ ನಾಲ್ಕೂ ಕ್ರಮವಾಗಿ 2, 4, 4, 6 ಆಗುತ್ತವೆ. ಮೊತ್ತ ಮತ್ತೆ 16. ಒಮ್ಮೆ ಏರಿಕೆ, ಒಮ್ಮೆ ಇಳಿಕೆ. ಒಂದರ ತಪ್ಪನ್ನು ಇನ್ನೊಂದು ತಿದ್ದುತ್ತದೆ. 1960ರಲ್ಲಿ ಪರಿಷ್ಕೃತವಾದ ಭಾರತೀಯ ಮಾನಕ ಐ.ಎಸ್. 2 ವಿಧಿಸಿದ್ದು ಈ ಕ್ರಮವನ್ನೇ. ಗಣಕಯಂತ್ರಗಳಿಗಾಗಿ 1985ರಲ್ಲಿ ರೂಪುಗೊಂಡ ಐ.ಇ.ಇ.ಇ. 754 ಎಂಬ ಮಾನಕವೂ ಇದನ್ನೇ ಸಾಮಾನ್ಯ ನಿಯಮವಾಗಿ ಅಂಗೀಕರಿಸಿತು.

ಹಾಗೆಂದು ಶಾಲೆಯ ಸೂತ್ರವನ್ನು ತಳ್ಳಿಹಾಕುವಂತಿಲ್ಲ. 2017ರ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯಿದೆಯ 170ನೆಯ ಕಲಮಿನ ಪ್ರಕಾರ ಐವತ್ತು ಪೈಸೆಯಾಗಲಿ ಅದಕ್ಕಿಂತ ಹೆಚ್ಚಾಗಲಿ ಬಂದರೆ ಪೂರ್ತಿ ಒಂದು ರೂಪಾಯಿ, ಕಡಿಮೆಯಾದರೆ ಬಿಟ್ಟುಬಿಡಬೇಕು. ಕಾಯಿದೆ ಸ್ಪಷ್ಟವಾಗಿರುವಲ್ಲಿ ಅದೇ ಸರಿ.

ಎರಡು ಕ್ರಮಗಳಲ್ಲಿಯೂ ಸಲ್ಲದ ತಪ್ಪೊಂದಿದೆ: ಎರಡು ಮೆಟ್ಟಿಲಿನಲ್ಲಿ ಏರುವುದು. 34.46 ಅನ್ನು ಮೊದಲು 34.5 ಮಾಡಿ, ಆಮೇಲೆ 35 ಮಾಡಿದರೆ ಅದು ಲೆಕ್ಕವಲ್ಲ, ಕೈಚಳಕ. ಮೂಲಸಂಖ್ಯೆ 34ಕ್ಕೇ ಹತ್ತಿರ.

ಇನ್ನು, ಮೂವತ್ತೈದು ಅಂಕಕ್ಕೆ ತೇರ್ಗಡೆಯಾಗುವ ಪರೀಕ್ಷೆಯಲ್ಲಿ ಹುಡುಗನೊಬ್ಬನಿಗೆ ಸರಿಯಾಗಿ 34.5 ಬಂದಿತೆನ್ನಿ. ಶಾಲೆಯ ಸೂತ್ರದಂತೆ ಅವನು ತೇರ್ಗಡೆ. ಸಮಸಂಖ್ಯೆಯ ಸೂತ್ರದಂತೆ ನಪಾಸು. ಯಾವುದು ನ್ಯಾಯ? ಸಮದೂರದಲ್ಲಿರುವ ಅರೆಗೆ ತನ್ನದೆಂಬ ಪಕ್ಷವಿಲ್ಲ; ಪಕ್ಷವನ್ನು ಕೊಡುವವರು ನಾವು. ಆದ್ದರಿಂದ ಪರೀಕ್ಷೆಗೆ ಮುಂಚೆಯೇ ಸಾರಿದ ನಿಯಮ ಯಾವುದೋ ಅದೇ ನ್ಯಾಯ. ಹುಡುಗನ ಮುಖ ನೋಡಿದ ಮೇಲೆ ಆರಿಸಿಕೊಂಡ ನಿಯಮ ಎಷ್ಟೇ ಶಾಸ್ತ್ರೀಯವಾಗಿದ್ದರೂ ಅನ್ಯಾಯವೇ ಸರಿ.